ಮನೆಯೊಡತಿಯ ಹುಲ್ಲು, ಪಕ್ಕದ ಮನೆಯ ನಾಯಿ

ವಿಡಿಯೋ ಕರೆಯಲ್ಲಿ ನಮ್ಮ ಮನೆಯೊಡತಿಯ ಅಗಲ ಹಣೆ, ಒಂದು ನರೆತ ಹುಬ್ಬು, ಇಷ್ಟೇ ಕಾಣುತ್ತಿದ್ದವು. ಉಳಿದ ಮುಖ ತೋರಿಸುವ ಗೊಡವೆಗೆ ಅವರು ಹೋಗುತ್ತಿರಲಿಲ್ಲ. ನೋಡಬೇಕಾದದ್ದು ನಮ್ಮ ಹಿತ್ತಲಿನ ಹುಲ್ಲು ತಾನೇ!

ಎಪ್ಪತ್ತು ದಾಟಿದ ಅವರು ಇದ್ದದ್ದು ಕಾರ್ಕ್ ನಗರದಿಂದಾಚೆ, ನಮ್ಮಿಂದ ದೂರದ ಒಂದು ಹಳ್ಳಿಯಲ್ಲಿ. ಲಾಕ್‌ಡೌನಿನಲ್ಲಿ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಹಾಗಾಗಿ ಶನಿವಾರ ಹನ್ನೊಂದಕ್ಕೆ ಫೋನಿನಲ್ಲೇ ತಪಾಸಣೆ. "ಇನ್ನೂ ಕೆಳಗೆ ಹಿಡೀರಿ, ಪಾಚಿ ಕಾಣ್ತಿಲ್ಲ" ಎನ್ನುವರು. ನಾನು ಮೊಣಕಾಲೂರಿ ಹುಲ್ಲಿಗೆ ಮಂಗಳಾರತಿ ಎತ್ತಿದಂತೆ ಫೋನು ಆಡಿಸುತ್ತಿದ್ದೆ. "ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸ್ಬೇಡಿ. ನಿಮ್ಮ ತಲೆ ಬೋಳಿಸಿದ್ರೆ ಹೇಗಿರುತ್ತೆ?" ಎಂದು ವಾರವಾರವೂ ಕೇಳುವರು. ನನ್ನ ತಲೆ ಆಗಲೇ ಮುಕ್ಕಾಲು ಬೋಳಾಗಿದ್ದದ್ದನ್ನು ಅವರಿಗೆ ನಾನು ತೋರಿಸಿರಲಿಲ್ಲ.

ಮೇ ತಿಂಗಳಲ್ಲಿ ಪಾಚಿ ಸಾಯಿಸುವ ಪುಡಿ ಹಾಕಲು ಹೇಳಿದರು. ಬೇಗ ಸಾಯಲೆಂದು ಎರಡು ಪಟ್ಟು ಸುರಿದೆ. ಪಾಚಿಯ ಜೊತೆ ಹುಲ್ಲೂ ಸುಟ್ಟು ಹಿತ್ತಲು ಸೀದ ದೋಸೆಯಂತಾಯಿತು. ಬಾಡಿಗೆ ಕರಾರು ಅದೇ ತಿಂಗಳು ಮುಗಿಯುವುದರಲ್ಲಿತ್ತು. ಹೆಂಡತಿಗೆ ಏಳು ತಿಂಗಳು. ಆ ಕಾಲದಲ್ಲಿ ಬೇರೆ ಮನೆ ಎಲ್ಲಿ ಹುಡುಕಲಿ? ಶನಿವಾರ ತಗ್ಗು ಗೋಡೆಯ ಮೇಲೆ ಬಾಗಿ ಪಕ್ಕದ ಮನೆಯವರ ಹುಲ್ಲಿಗೆ ಫೋನು ಹಿಡಿದೆ.

ಹುಬ್ಬು ಮೇಲೇರಿತು. "ಹುಲ್ಲು ಗ್ರ್ಯಾಂಡ್ ಆಗಿದೆ. ನಾಯಿ ಯಾವಾಗ ತಂದ್ರಿ?"

ಪಕ್ಕದ ಮನೆಯ ನಾಯಿ ಪರದೆಯ ನಟ್ಟನಡುವೆ ಬಂದು ಕಾಲೆತ್ತಿತ್ತು.

"ಅದು... ನಿನ್ನೆ" ಎಂದೆ.

"ಓ. ನನ್ನ ಬಟ್ಟೆ ಒಣಗಿಸೋ ತಂತಿನೂ ನಿನ್ನೆಯೇ ಓಡಿಹೋಯ್ತಾ?"

ಅಡುಗೆಮನೆಯ ಕಿಟಕಿಯಿಂದ ಹೆಂಡತಿ, "ರೀ, ನಿಜ ಹೇಳ್ಬಿಡಿ" ಎಂದಳು. ಫೋನನ್ನು ನಮ್ಮ ಹಿತ್ತಲಿಗೆ ತಿರುಗಿಸಿದೆ. ಹಣೆ ಪರದೆಗೆ ಇನ್ನಷ್ಟು ಹತ್ತಿರ ಬಂತು. ಆಮೇಲೆ ಕೇಳಿಸಿದ್ದು ನಗು, ಕೆಮ್ಮು ಬರುವಷ್ಟು ನಗು.

"ಈಗ ಬಿತ್ತಬೇಡಿ, ಎಳೆ ಹುಲ್ಲು ಬೇಸಿಗೇಲಿ ಒಣಗುತ್ತೆ. ಸೆಪ್ಟೆಂಬರ್‌ಗೆ ನಾನೇ ಬರ್ತೀನಿ. ನೀವು ಇಲ್ಲೇ ಇರ್ತೀರಲ್ಲ?"

ಕರಾರು ಮುಂದುವರಿದದ್ದು ಹಾಗೆ.

ಹೇಳಿದಂತೆ ಬಂದರು. ಮಾಸ್ಕ್ ಹಾಕಿಕೊಂಡು ನಮ್ಮ ಎರಡು ತಿಂಗಳ ಮಗುವನ್ನು ಕಿಟಕಿಯಾಚೆಯಿಂದಲೇ ಮಾತಾಡಿಸಿದರು. ಬಳಿಕ ಮೊಣಕಾಲಡಿ ದಿಂಬು ಹಾಕಿಕೊಂಡು, ಇಡೀ ಹಿತ್ತಲಿಗೆ ತಾವೇ ಬೀಜ ಬಿತ್ತಿದರು. ಬೀಜದ ಚೀಲ ಮುಟ್ಟಲೂ ನನ್ನನ್ನು ಬಿಡಲಿಲ್ಲ.

ಎರಡು ವರ್ಷದ ನಂತರ ಕೆಲಸ ಬದಲಾಗಿ ಆಡಮ್ಸ್‌ಟೌನ್ ಎಂಬ ಊರಿಗೆ ಹೊರಟೆವು. ಅಲ್ಲಿ ಒಂದು ಮನೆಗೆ ಹತ್ತಾರು ಮಂದಿ ಕಾದಿದ್ದರು. ಹಳೆಯ ಮನೆಯೊಡತಿಯಿಂದ ಪತ್ರ ತನ್ನಿ ಎಂದ ಹೊಸ ಮಾಲೀಕ. ಅವರು ಬರೆದುಕೊಟ್ಟದ್ದು ಒಂದೇ ಸಾಲು: "ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ."

"ಇದಕ್ಕಿಂತ ದೊಡ್ಡ ಮಾತು ಇನ್ನೇನು ಬೇಕು?" ಎಂದು ಆತ ಅಂದೇ ಬೀಗದ ಕೈ ಕೊಟ್ಟ. ಆ ಸಾಲಿನ ಸರಿಯಾದ ಅರ್ಥವನ್ನು ನಾನಿನ್ನೂ ಆತನಿಗೆ ಹೇಳಿಲ್ಲ.