ಠಕಾರದ ಚುಕ್ಕೆ

ಶಿವಾಜಿನಗರದಲ್ಲಿ ನಮ್ಮಣ್ಣನದು ರೇಡಿಯಂ ಅಂಗಡಿ. ಬಣ್ಣದ ಅಂಟುಹಾಳೆಯಲ್ಲಿ ಅಕ್ಷರ ಕತ್ತರಿಸಿ ಆಟೋಗೆ, ಬೈಕಿಗೆ, ಗೋಡೆಗೆ ಅಂಟಿಸಿಕೊಡುತ್ತಿದ್ದೆವು. ಕತ್ತರಿಸಲು ಮೆಷಿನ್ ಇತ್ತು. ಅಕ್ಷರದ ಸುತ್ತಲಿನ ಬೇಡದ ಹಾಳೆಯನ್ನು ಕಿತ್ತು ತೆಗೆಯುವುದು ನನ್ನ ಕೆಲಸ, ಗೋಡೆಗೆ ಅಂಟಿಸುವುದು ಅವನದು. ನಾನು ಏಳನೇ ಕ್ಲಾಸಿನವರೆಗೆ ಓದಿದ ವಿದ್ವಾಂಸ. ಅಣ್ಣ ಶಾಲೆಯ ಕಡೆ ತಲೆ ಹಾಕಿದವನಲ್ಲ. ಈ ವಿಷಯ ಮನೆಯಾಚೆ ಯಾರಿಗೂ ಗೊತ್ತಿರಲಿಲ್ಲ. ಗಿರಾಕಿಗಳ ಮುಂದೆ ಕಾಗದ ಹಿಡಿದು, ಹುಬ್ಬು ಗಂಟು ಹಾಕಿ, ತುಟಿ ಅಲ್ಲಾಡಿಸುತ್ತಿದ್ದ. ಒಬ್ಬ ಮೇಷ್ಟ್ರು ತಮ್ಮ ಮನೆಯ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಅವನನ್ನೇ ಕೇಳಿದ್ದುಂಟು. ಸ್ವಲ್ಪ ಯೋಚಿಸಿ, ಸರಿಯಾಗಿದೆ ಅಂದಿದ್ದ.

ಹಲಸೂರಿನ ಒಂದು ಮಠದವರು ಹೊಸ ಕಟ್ಟಡದ ಗೋಡೆಗೆ 'ಮಠದ ಸಭಾಂಗಣ' ಎಂದು ದೊಡ್ಡ ಅಕ್ಷರ ಕೇಳಿದರು. ಮಿಕ್ಕ ಅಕ್ಷರಗಳ ಹೊಟ್ಟೆಯಲ್ಲಿರುವುದನ್ನೆಲ್ಲ ಕಿತ್ತು ಬಿಸಾಡಬೇಕು. 'ಠ' ಅಕ್ಷರದಲ್ಲಿ ಮಾತ್ರ ನಡುವಿನ ಚುಕ್ಕೆ ಉಳಿಸಬೇಕು. ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಾ ಕೂತಿದ್ದ ವಿದ್ವಾಂಸರು ಅದನ್ನೂ ಕಿತ್ತರು. ಅಣ್ಣ ದಾರ ಹಿಡಿದು, ಒಂದು ಗುಳ್ಳೆಯೂ ಏಳದಂತೆ, ನೇರವಾಗಿ ಅಂಟಿಸಿದ. ಚುಕ್ಕೆ ಇಲ್ಲದ 'ಠ' ಎಂದರೆ 'ರ'. ಸಿಮೆಂಟು, ಗ್ರಾನೈಟು ಬಿಟ್ಟು ಒಂದು ಹಲಗೆಯೂ ಇಲ್ಲದ ಕಟ್ಟಡ 'ಮರದ ಸಭಾಂಗಣ'ವಾಗಿ ಸೊಗಸಾಗಿ ಹೊಳೆಯಿತು.

ಮಾರನೆಯ ದಿನ ಮಠದ ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿ ಗೋಡೆಯ ಮುಂದೆ ನಿಲ್ಲಿಸಿದರು.

"ಏನ್ರಪ್ಪಾ, ನಮ್ ಸ್ವಾಮಿಗಳನ್ನ ಮರ ಹತ್ತಿಸ್ಬಿಟ್ರಲ್ಲ. ಅಂಟಿಸೋವಾಗ ಒಂದ್ಸಲ ಓದ್ಬಾರ್ದಾ?"

ಅಣ್ಣ ಗೋಡೆಯನ್ನೇ ನೋಡುತ್ತಾ ನಿಂತ. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದ. ಸಾಲು ನೇರವಾಗಿಯೇ ಇತ್ತಲ್ಲ. ಚುಕ್ಕೆ ಕಿತ್ತಿದ್ದು ನಾನು ಎನ್ನಲು ಏಳು ಕ್ಲಾಸಿನ ಓದು ಧಾರಾಳವಾಗಿ ಸಾಕಿತ್ತು. ನಾನು ಹೇಳಿದ್ದು ಬೇರೆ.

"ನಮ್ಮಣ್ಣಂಗೆ ಓದಕ್ಕೆ ಬರಲ್ಲ ಸಾರ್. ಅಂಟಿಸಿದ್ದು ಅವ್ನೇ."

ಒಂದೊಂದು ಮಾತೂ ಸತ್ಯ. ನನ್ನ ಜಾಣತನವೇ ಅದು.

ಮ್ಯಾನೇಜರು ಬೈದಿದ್ದರೆ ಚೆನ್ನಾಗಿತ್ತು. ಅವರು ಮೆತ್ತಗಾದರು. ಕಿವಿ ಕೇಳದವರ ಜೊತೆ ಮಾತಾಡುವ ಹಾಗೆ ಬಿಡಿಸಿ ಬಿಡಿಸಿ, "ಪರ್ವಾಗಿಲ್ಲಪ್ಪ, ನಿಂಗೆ ಹೇಗೆ ಗೊತ್ತಾಗ್ಬೇಕು, ಪಾಪ" ಎಂದರು ಅಣ್ಣನಿಗೆ. ನಾನು ಹಾಳೆಯ ಚೂರಿನಲ್ಲಿ ದುಂಡಗೆ ಒಂದು ಚುಕ್ಕೆ ಕತ್ತರಿಸಿ ಅಂಟಿಸಿದೆ. ಮಠ ಮತ್ತೆ ಮಠವಾಯಿತು. ಮ್ಯಾನೇಜರು ನನ್ನ ಬೆನ್ನು ತಟ್ಟಿ, ಇನ್ನು ಮೇಲೆ ಓದುಬರಹ ಬಲ್ಲವನೇ ಬರಲಿ ಎಂದರು.

ಚುಕ್ಕೆ ಕಿತ್ತವನು ಯಾರೆಂದು ಅಣ್ಣ ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆಗೆ ಹೋದ ಮೇಲಾದರೂ ಬೈಯುತ್ತಾನೆಂದು ಕಾದೆ. ಆ ಉಪಕಾರವನ್ನೂ ಮಾಡಲಿಲ್ಲ. ಆಮೇಲಿಂದ ಗಿರಾಕಿ ಕಾಗದ ಚಾಚಿದರೆ ಅವನು ಮುಟ್ಟುತ್ತಿರಲಿಲ್ಲ. "ನಂಗೆ ಓದಕ್ಕೆ ಬರಲ್ಲ, ನಮ್ ತಮ್ಮನ್ನ ಕೇಳಿ" ಎಂದು ಕೇಳದವರಿಗೂ ಹೇಳುತ್ತಿದ್ದ. ಜನ ನನಗೆ ಮರ್ಯಾದೆ ಕೊಡತೊಡಗಿದರು. ಇಂದಿರಾನಗರದ ದೊಡ್ಡ ದೊಡ್ಡ ಗೋಡೆಗಳ ಮುಂದೆ ನಿಂತು ನಾನು ಗಟ್ಟಿಯಾಗಿ ಓದುತ್ತಿದ್ದೆ. ಅವನು ನೆಲ ನೋಡುತ್ತಾ ಹಾಳೆಯ ಇನ್ನೊಂದು ತುದಿ ಹಿಡಿದು ನಿಂತಿರುತ್ತಿದ್ದ.