ನೀರು ಬರುವ ಹೊತ್ತಿಗೆ ಬರುವ ಮೇಡಂ

ಬೆಳಗಿನ ಐದೂಮುಕ್ಕಾಲು. ಚೆನ್ನೈನ ಪೋರೂರಿನ ಓಣಿಯೊಂದರಲ್ಲಿ ನೀರಿನ ಲಾರಿ ಬಂದು ನಿಂತಿದೆ. ಪ್ಲಾಸ್ಟಿಕ್ ಕೊಡಗಳ ಸಾಲು, ಅದರ ಹಿಂದೆ ನಿದ್ದೆಗಣ್ಣಿನ ಹೆಂಗಸರ ಸಾಲು. ಪಕ್ಕದಲ್ಲಿ, ಕೈಯಲ್ಲಿ ಕೊಡವಿಲ್ಲದೆ, ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡ ಐವತ್ತೆರಡರ ಶ್ರೀಪ್ರಿಯಾ ನಿಂತಿದ್ದಾರೆ. ಅವರ ಕಣ್ಣು ಎದುರಿನ ಮಹಡಿಮನೆಯ ಬಾಗಿಲ ಮೇಲಿದೆ. ಅಲ್ಲಿ ಎಂಟು ವರ್ಷದ ವೀಕ್ಷಾ ಹತ್ತು ದಿನದಿಂದ ಇದ್ದಾಳೆ. ಅವಳು ಅಲ್ಲೇ ಉಳಿಯಬೇಕೋ, ತಾನಿದ್ದ ಮಕ್ಕಳ ಹೋಮ್‌ಗೆ ವಾಪಸಾಗಬೇಕೋ ಎಂಬುದು ನಾಳೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತೀರ್ಮಾನವಾಗಲಿದೆ. ಸಮಿತಿಯವರು ಓದುವುದು ಶ್ರೀಪ್ರಿಯಾ ಬರೆದುಕೊಡುವ ಎರಡು ಪುಟ.

ಪುರಸೈವಾಕ್ಕಂನ ಶ್ರೀಪ್ರಿಯಾರ ವೈಷ್ಣವ ಮನೆತನಕ್ಕೆ ಮುತ್ತಜ್ಜನ ಕಾಲದಿಂದಲೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಅಣ್ಣಂದಿರು ಬ್ಯಾಂಕು, ಇನ್ಶೂರೆನ್ಸ್ ಎಂದು ಫ್ಯಾನಿನ ಕೆಳಗೆ ಕೂತರು. ಇವರು ಮಾತ್ರ ಇಪ್ಪತ್ತೆರಡು ವರ್ಷದಿಂದ ಸಣ್ಣ ಸಂಸ್ಥೆಯೊಂದರ ಫೀಲ್ಡ್ ವರ್ಕರ್ ಆಗಿ ಬಿಸಿಲು ಕುಡಿಯುತ್ತಿದ್ದಾರೆ. ಹೋಮ್ ಸೇರಿದ ಮಕ್ಕಳ ಬಂಧುಗಳನ್ನು ಹುಡುಕಬೇಕು, ಆ ಮನೆ ಮಗುವಿಗೆ ಆಗಿಬರುತ್ತದೆಯೇ ನೋಡಬೇಕು, ಕಳಿಸಿದ ಮೇಲೂ ಎರಡು ವರ್ಷ ಬೆನ್ನು ಬಿಡಬಾರದು. ದಿನಕ್ಕೆ ಮೂರು ಮನೆ, ನಾಲ್ಕು ಬಸ್ಸು. ಇದುವರೆಗೆ ನೂರ ಮೂವತ್ತೇಳು ಮಕ್ಕಳು.

“ಹೋಮ್‌ನಲ್ಲಿ ಊಟ ಸಿಗುತ್ತೆ, ಪಾಠ ಸಿಗುತ್ತೆ, ಇಲ್ಲ ಅನ್ನಲ್ಲ,” ಎನ್ನುತ್ತಾರೆ. “ಆದ್ರೆ ನಲವತ್ತಾರು ಮಕ್ಕಳಿಗೆ ಇಬ್ಬರು ಆಯಾ. ಜ್ವರ ಬಂದ್ರೆ ಹಣೆ ಮುಟ್ಟಿ ನೋಡೋರಿಗೂ ಕಾಯ್ಬೇಕು, ಪಾವಂ, ಪಾಪದ ಮಕ್ಕಳು.”

ನಸುಕಿನಲ್ಲೇ ಯಾಕೆ ಬರುತ್ತಾರೆ ಎಂದು ಕೇಳಿದರೆ ಹಳೆಯ ಪೆಟ್ಟೊಂದನ್ನು ಹೇಳುತ್ತಾರೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಲಕ್ಷ್ಮೀ ಎಂಬ ಹುಡುಗಿಯನ್ನು ಚಿಕ್ಕಪ್ಪನ ಮನೆಗೆ ಕಳಿಸಿದ್ದರು. ಮೊದಲೇ ಹೇಳಿ, ಸಂಜೆ ಹೋಗಿ ನೋಡಿದ್ದರು. ಬಾಗಿಲಲ್ಲಿ ರಂಗೋಲಿ, ತಟ್ಟೆಯಲ್ಲಿ ಮೈಸೂರುಪಾಕು, ಚಿಕ್ಕಮ್ಮನ ಬಾಯಲ್ಲಿ ಚಿನ್ನ, ರನ್ನ ಬಿಟ್ಟರೆ ಬೇರೆ ಮಾತಿಲ್ಲ. ಮೂರು ತಿಂಗಳ ಮೇಲೊಂದು ಬೆಳಿಗ್ಗೆ ಆ ದಾರಿಯಲ್ಲಿ ಹೋದರೆ, ಅದೇ ಹುಡುಗಿ ಹನ್ನೆರಡು ಕೊಡ ನೀರು ಹೊರುತ್ತಿದ್ದಳು. ಚಿಕ್ಕಪ್ಪನ ಮಕ್ಕಳು ಹೊದ್ದು ಮಲಗಿದ್ದರು. ವಾಪಸ್ ಕರೆತರುವಾಗ ಅವಳು ದಾರಿಯುದ್ದಕ್ಕೂ ಇವರ ಮುಖ ನೋಡಲಿಲ್ಲ.

“ತಪ್ಪು ನಂದೇ. ಸಕ್ಕರೆಯಂಥ ಮಾತು ಕೇಳಿ ನಂಬಿಬಿಟ್ಟೆ,” ಎನ್ನುವಾಗ ಇಪ್ಪತ್ತು ವರ್ಷದ ಮೇಲೂ ಅವರ ದನಿ ಕುಗ್ಗುತ್ತದೆ. ಅಂದಿನಿಂದ ಹೇಳದೆ ಕೇಳದೆ ನೀರಿನ ಹೊತ್ತಿಗೇ ಹೋಗುತ್ತಾರೆ. ಆ ಹೊತ್ತಿನಲ್ಲಿ ಯಾವ ಮನೆಗೂ ನಾಟಕ ಆಡಲು ಪುರುಸೊತ್ತಿರುವುದಿಲ್ಲ.

ವೀಕ್ಷಾ ಅನಾಥೆಯೇನಲ್ಲ. ತಾಯಿ ತೀರಿಕೊಂಡಾಗ, ಅಪ್ಪ ಎಲ್ಲಿಗೋ ಹೋದಾಗ, ಸೋದರಮಾವ ಬಾಬುವೇ ಅವಳನ್ನು ಹೋಮ್‌ಗೆ ಸೇರಿಸಿದ್ದು. ಬಾಬು ಹೊಸೂರು ಕಡೆಯವನು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ಆಪರೇಟರ್. ಆ ಮಹಡಿಯ ಮೇಲೆ ಒಂದೇ ಬಾಡಿಗೆ ಕೋಣೆಯ ಸಂಸಾರ. ಹೋಮ್‌ನಲ್ಲಾದರೆ ಊಟಕ್ಕೂ ಓದಿಗೂ ಕೊರತೆಯಿಲ್ಲ ಎಂದು ಯಾರೋ ಹೇಳಿದರು, ಒಳ್ಳೆಯದಾಗಲಿ ಎಂದೇ ಬಿಟ್ಟುಬಂದ. ಅಲ್ಲಿ ಎರಡು ವರ್ಷದಲ್ಲಿ ಅವಳು ನೀರು ಕುಡಿಯಲೂ ಅನುಮತಿ ಕೇಳುವುದನ್ನು ಕಲಿತಳು. ಅವಳ ಬಾಯಿಂದ ‘ಬೇಡ’ ಎಂಬ ಮಾತನ್ನು ಯಾರೂ ಕೇಳಿಲ್ಲ. ಬಹಳ ಒಳ್ಳೆಯ ಹುಡುಗಿ ಎಂದು ಹೋಮ್‌ನವರು ಹೊಗಳುತ್ತಾರೆ. ಶ್ರೀಪ್ರಿಯಾಗೆ ಆ ಹೊಗಳಿಕೆ ಕೇಳಿದರೇ ಹೆದರಿಕೆ.

ಮಹಡಿಮನೆಯ ಬಾಗಿಲು ತೆರೆಯುತ್ತದೆ. ಬಾಬುವಿನ ಹೆಂಡತಿ ಶಾಲಿನಿ ಹೊರಬರುತ್ತಾಳೆ. ಬಾಯಿ ಬೊಂಬಾಯಿ. ಮಗ ಅನಿಲನನ್ನು ಸೋಂಬೇರಿ ಎಂದು ಎಬ್ಬಿಸಿ, ಅದೇ ಉಸಿರಿನಲ್ಲಿ ವೀಕ್ಷಾಳನ್ನೂ ಸೋಂಬೇರಿ ಎನ್ನುತ್ತಾಳೆ. ಇಬ್ಬರ ಕೈಗೂ ಒಂದೊಂದು ಚಿಕ್ಕ ಕೊಡ ಬರುತ್ತದೆ, ದೊಡ್ಡವು ಅವಳ ಸೊಂಟಕ್ಕೆ. ವೀಕ್ಷಾ ಕೊಡ ಕೆಳಗಿಡುತ್ತಾಳೆ.

“ಮುಡಿಯಾದು, ಅತ್ತೆ.”

ತನ್ನಿಂದಾಗದು, ನಿನ್ನೆ ತಾನು ತಂದದ್ದಾಯಿತು, ಇವತ್ತು ಅನಿಲ್ ಮೊದಲು ತರಲಿ ಎಂದು ತಮಿಳಿನಲ್ಲೇ ವಾದಕ್ಕೆ ನಿಲ್ಲುತ್ತಾಳೆ. ಶಾಲಿನಿ ಕೈ ಎತ್ತುವುದಿಲ್ಲ. ಇನ್ನೆರಡು ಬೈದು ಅನಿಲನನ್ನು ಮುಂದಕ್ಕೆ ನೂಕುತ್ತಾಳೆ. ಶ್ರೀಪ್ರಿಯಾ ಆಮೇಲೆ ಒಳಗೆ ಹೋಗಿ ಚಾಪೆ, ತಟ್ಟೆ, ಹಲ್ಲುಜ್ಜುವ ಬ್ರಷ್ ಎಲ್ಲವನ್ನೂ ನೋಡುತ್ತಾರೆ. ಮೆಟ್ಟಿಲ ಮೇಲೆ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಮಾತಾಡಿಸುತ್ತಾರೆ. ನಾಳೆ ಬಟ್ಟೆ ಕಟ್ಟಿಕೊಳ್ಳಬೇಕಾ ಎಂದು ಅವಳು ಕೇಳುತ್ತಾಳೆ. ಉತ್ತರ ಹೇಳುವ ಅಧಿಕಾರ ಇವರಿಗಿಲ್ಲ. ತಲೆ ಸವರಿ ಎದ್ದುಬರುತ್ತಾರೆ.

ಮಾರನೆಯ ದಿನ ಸಮಿತಿಯಲ್ಲಿ ಸದಸ್ಯರೊಬ್ಬರು ವರದಿಯ ಮೇಲೆ ಬೆರಳಿಟ್ಟು, ಇಷ್ಟು ಬೈಯುವ ಮನೆಗೆ ಹುಡುಗಿಯನ್ನು ಕಳಿಸಿ ಎಂದು ನೀವೇ ಬರೆದಿದ್ದೀರಲ್ಲ ಎಂದು ಕೇಳುತ್ತಾರೆ.

“ಇಬ್ಬರಿಗೂ ಒಂದೇ ಬೈಗುಳ ಸರ್. ಬಂದ ನೆಂಟರನ್ನ ಯಾರೂ ಹಾಗೆ ಬೈಯಲ್ಲ. ಆ ಹುಡುಗಿ ಎದುರುತ್ತರ ಕೊಡ್ತಾಳೆ. ಎರಡು ವರ್ಷದಲ್ಲಿ ಮೊದಲನೇ ಸಲ.”

ಸದಸ್ಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅರ್ಧ ಗಂಟೆ ಹಿಡಿಯಿತು. ತಿಂಗಳಿಗೊಮ್ಮೆ ಭೇಟಿ ಎಂಬ ಷರತ್ತಿನ ಮೇಲೆ ಸಹಿ ಬಿತ್ತು.

ಎರಡು ತಿಂಗಳ ಮೇಲಿನ ಭೇಟಿಯಲ್ಲಿ ಶಾಲಿನಿ ಬಾಗಿಲಲ್ಲೇ ನಿಂತು ಕಾಲು ಗಂಟೆ ದೂರು ಹೇಳಿದಳು. ವೀಕ್ಷಾ ಓದುವುದಿಲ್ಲ, ತಲೆಗೆ ಎಣ್ಣೆ ಎಂದರೆ ಓಡುತ್ತಾಳೆ, ಅನಿಲನಿಗೆ ಸ್ಕೇಲಿನಲ್ಲಿ ಬಾರಿಸಿದ್ದಾಳೆ. ಕೇಳಲೇಬೇಕಾದ ಪ್ರಶ್ನೆಯನ್ನು ಶ್ರೀಪ್ರಿಯಾ ಕೇಳಿದರು: ಅಷ್ಟು ಕಷ್ಟವಾದರೆ ವಾಪಸ್ ಕರೆದೊಯ್ಯುವ ಏರ್ಪಾಡಿದೆ, ಕರೆದೊಯ್ಯಲೇ?

“ಯಾರ್ನ ಕರ್ಕೊಂಡೋಗ್ತೀರ?” ಶಾಲಿನಿಯ ಮುಖ ಕೆಂಪಾಯಿತು. “ನನ್ ಮಕ್ಕಳ ಮೇಲೆ ನಾನು ಕಂಪ್ಲೇಂಟ್ ಹೇಳ್ಕೊಂಡ್ರೆ ಎತ್ಕೊಂಡೋಗೋಕೆ ಬಂದ್ಬಿಡ್ತೀರಾ?”

ಬಾಗಿಲು ದಢಾರನೆ ಮುಚ್ಚಿತು.

“ಒಂದು ಲೋಟ ಕಾಫಿನೂ ಕೊಡ್ಲಿಲ್ಲ ಮಹಾರಾಯ್ತಿ,” ಎಂದು ಶ್ರೀಪ್ರಿಯಾ ಬಸ್ ಸ್ಟಾಪಿನಲ್ಲಿ ನಗುತ್ತಾರೆ. “ನೂರ ಮೂವತ್ತೇಳರಲ್ಲಿ ಹಿಂಗೆ ಮುಖದ ಮೇಲೆ ಬಾಗಿಲು ಹಾಕಿಸ್ಕೊಂಡಿದ್ದು ಆರು ಸಲ. ಆ ಆರು ಮಕ್ಕಳ ಚಿಂತೆ ನಂಗಿಲ್ಲ. ಉಳಿದೋರೂ ಒಂದಿನ ಹಾಕ್ಲಿ ಅಂತ ಕಾಯ್ತಿದೀನಿ.”