ಮಹಡಿಯ ಮೇಲಿನ ಹವಳ

ಸವಣೂರಿನ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮಾಸ್ತರರು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಮೆತ್ತನೆಯ ಹವಳ ಸಾಕಿದ್ದರು. ಯಲವಿಗಿಯಲ್ಲಿ ರೈಲು ಇಳಿದಾಗ ನೀರಿನ ಚೀಲವನ್ನು ಕೂಸಿನಂತೆ ಎದೆಗವಚಿಕೊಂಡು ತಂದ ಜೀವಗಳು ಅವು. ಹೂವಿನಂತೆ ಅರಳಿದ್ದ ಅವು ಒಂದೊಂದಾಗಿ ಮುದುಡಿ ಕರಗತೊಡಗಿದಾಗ ಅವರಿಗೆ ಮನೆಯವರೆಲ್ಲರ ಮೇಲೂ ಸಂಶಯ ಬಂತು.

“ಯಾರೋ ಏನೋ ಹಾಕ್ಯಾರ್ರಿ ವೈನಿ,” ಎನ್ನುವುದೇ ಅವರ ಮಾತು. ಕಸ ಗುಡಿಸುವಾಕೆಯ ಕೈಯನ್ನೇ ಮೂಸಿ ನೋಡಿದ್ದರು. ಒಂದು ದಿನ ನನ್ನ ದೇವರಮನೆಯತ್ತ ಮೂಗು ತಿರುಗಿಸಿ, “ಈ ಊದಿನಕಡ್ಡಿ ಹೊಗಿ ಮ್ಯಾಲ ಬರ್ತದೇನ್ರಿ?” ಎಂದರು.

“ದೇವರಿಗೆ ಮುಟ್ಟಿದ್ರ ಸಾಕಾಗೇದ್ರಿ, ನಿಮ್ಮ ತನಕ ಎಲ್ಲಿ ಬರ್ಬೇಕು?” ಎಂದೆ. ನಕ್ಕರು. ಮರುದಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು.

ಬೆರಳುದ್ದದ ಒಂದೇ ಹವಳ ಉಳಿದಾಗ ನೀರಿನ ಪರೀಕ್ಷೆಯ ಔಷಧ ತರಿಸಿದರು. ನನ್ನೆದುರಿಗೇ ತೊಟ್ಟಿಯ ನೀರಿಗೆ ಹನಿ ಬಿಟ್ಟರು, ಬಣ್ಣ ತಿರುಗಿತು. “ತಾಮ್ರ! ಹವಳಕ್ಕ ವಿಷಾ ಇದು. ಈಗ ಹೇಳ್ರಿ, ಯಾರು ಹಾಕಿದ್ರು?” ನಮ್ಮ ನಲ್ಲಿಯ ನೀರನ್ನೂ ಬಿಡಲಿಲ್ಲ. ಅದರಲ್ಲಿ ಏನೂ ಸಿಗಲಿಲ್ಲ, ದೇವರು ದೊಡ್ಡವನು.

ಆಮೇಲೆ ಅವರ ಕಣ್ಣು ತಮ್ಮದೇ ಮೂಲೆಗೆ ಹೋಗಿ ನಿಂತಿತು. ತೊಟ್ಟಿಯ ನೀರು ಆವಿಯಾಗಿ ಕಡಿಮೆಯಾದಾಗಲೆಲ್ಲ ಅವರು ಮಡಿಯಲ್ಲಿ, ತಾಮ್ರದ ಕೊಡದಲ್ಲಿ ಇಟ್ಟ ನೀರನ್ನೇ ತುಂಬುತ್ತಿದ್ದರು, ಅದೇ ಶುದ್ಧವೆಂದು.

ಸಂಜೆ ಆ ಕೊಡವನ್ನು ನಮ್ಮ ಬಾಗಿಲಿಗೆ ತಂದಿಟ್ಟರು. “ನೀವ ಇಟ್ಕೊಳ್ರಿ ವೈನಿ. ಕಣ್ಮುಂದ ಇದ್ರ ಮತ್ತ ಕೈ ಹೋಗ್ತದ. ನನ್ನ ಮ್ಯಾಲ ನನಗ ನಂಬಿಗಿ ಇಲ್ಲ.”